ನಡುಹಗಲು ಹನ್ನೆರಡೂವರೆಗೆ

ಬಂಟ್ವಾಳ ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಸಜಿಪಮೂಡ, ಸಜಿಪಪಡು. ಕಾವಳಮೂಡೂರು, ಕಾವಳಪಡೂರು. ಬಡಗಕಜೆಕಾರು, ತೆಂಕಕಜೆಕಾರು. ಬೆಳ್ತಂಗಡಿಗೆ ದಾಟಿದರೆ ಬಡಗಕಾರಂದೂರು, ತೆಂಕಕಾರಂದೂರು. ಮೂಡಬಿದಿರೆಯ ಆಸುಪಾಸಿನಲ್ಲಿ ಬಡಗಮಿಜಾರು, ತೆಂಕಮಿಜಾರು, ಮೂಡುಮಾರ್ನಾಡು, ಪಡುಮಾರ್ನಾಡು. ಮೂಡಬಿದಿರೆಗೆ ಜೋಡಿಯಾಗಿ ಕಡಲ ಬದಿಯಲ್ಲಿ ಪಡುಬಿದ್ರಿ. ಯಕ್ಷಗಾನದಲ್ಲೂ ತೆಂಕು (ದಕ್ಷಿಣ), ಬಡಗು (ಉತ್ತರ) ಎಂದು ಎರಡು ತಿಟ್ಟು. ಒಂದೇ ಹೆಸರಿನ ಎರಡು ಊರನ್ನು ಬೇರೆ ಮಾಡಿ ಹೇಳಬೇಕಾದಾಗ ಈ ಸೀಮೆಯ ಜನ ಹೆಚ್ಚಾಗಿ ನೋಡಿದ್ದು ಸೂರ್ಯ ಮೂಡುವ ಬದಿ ಯಾವುದು, ಕಂತುವ ಬದಿ ಯಾವುದು ಎಂದು. ದಾರಿ ಹೇಳುವಾಗಲೂ ಹಾಗೆಯೇ. ತೋಡು ದಾಟಿ ಮೂಡಾಯಿ ಹೋಗಬೇಕು, ಗುಡ್ಡೆಯ ಪಡ್ಡಾಯಿ ಬದಿಯಲ್ಲಿ ಮನೆ, ಗದ್ದೆಯ ತೆನ್ಕಾಯಿ ಹುಣಿಯಲ್ಲಿ ಬಾವಿ. ಎಡ–ಬಲ ಎಂದರೆ ಕೇಳುವವರು ತಿರುಗಿ ನಿಂತ ಕೂಡಲೇ ಬದಲಾಗುತ್ತದೆ. ಮೂಡು–ಪಡು ಬದಲಾಗುವುದಿಲ್ಲ.

ದಿಕ್ಕಿನ ಅರಿವು ಊರಿನ ಹೆಸರಿನೊಳಗೇ ಇಳಿದಿರುವ ಇಂಥ ನಾಡಿನಲ್ಲಿ ಇವತ್ತಿನ ಮಕ್ಕಳು ಕಲಿಯುತ್ತಿರುವ ಸೂರ್ಯ ಮಾತ್ರ ಬೇರೆ ಊರಿನವನು. ಹನ್ನೆರಡು ಗಂಟೆಗೆ ಅವನು ನೆತ್ತಿಗೆ ಬರುತ್ತಾನೆ, ನಮ್ಮ ಗೋಲಾರ್ಧದಲ್ಲಿ ನಡುಹಗಲಿನ ಸೂರ್ಯ ತೆಂಕಲ್ಲಿ ಇರುತ್ತಾನೆ, ನೆರಳು ಬಡಗಿಗೆ ಬೀಳುತ್ತದೆ, ಚಾಚಿದ ಕೈಯ ನಾಲ್ಕು ಬೆರಳು ಸೇರಿದರೆ ಒಂದು ಗಂಟೆ. ಇವೆಲ್ಲ ಕೈಪಿಡಿಗಳಲ್ಲಿ, ವಿಡಿಯೊಗಳಲ್ಲಿ ಮತ್ತೆ ಮತ್ತೆ ಬರುವ ಸೂತ್ರಗಳು. ಬಹುಪಾಲು ಹುಟ್ಟಿದ್ದು ಭೂಮಧ್ಯರೇಖೆಯಿಂದ ದೂರ, 40–50 ಡಿಗ್ರಿ ಅಕ್ಷಾಂಶದ ದೇಶಗಳಲ್ಲಿ. ಉತ್ತರ ಅಕ್ಷಾಂಶ 13 ಡಿಗ್ರಿಯ ಗೆರೆ ಹಾದುಹೋಗುವುದು ಮೂಡಬಿದಿರೆಗೂ ಬಂಟ್ವಾಳಕ್ಕೂ ನಡುವೆ. ಇಲ್ಲಿನ ಸೂರ್ಯನಿಗೆ ಇಲ್ಲಿನದೇ ಲೆಕ್ಕ ಬೇಕು. ಆ ಲೆಕ್ಕ ಕಷ್ಟದ್ದೇನಲ್ಲ, ಅಂಗಳದಲ್ಲಿ ನಿಂತೇ ಕಲಿಯಬಹುದು. ಕಲಿಯಲೇಬೇಕು ಎಂಬುದು ನನ್ನ ಹಟ.

ಮೊದಲು ಗಡಿಯಾರದ ವಿಷಯ. ಮೂಡಬಿದಿರೆ ಪೇಟೆ ಇರುವುದು ಪೂರ್ವ ರೇಖಾಂಶ 75 ಡಿಗ್ರಿಯ ಮೇಲೆಯೇ ಎನ್ನಬಹುದು. ಭಾರತದ ಗಡಿಯಾರಗಳು ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯ ಪ್ರಕಾರ. 1906ರ ಜನವರಿ 1ರಿಂದ ಈ ಏರ್ಪಾಡು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು, ಏಳೂವರೆ ಡಿಗ್ರಿಗೆ ಸರಿಯಾಗಿ 30 ನಿಮಿಷ. ಹಾಗಾಗಿ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಮೂಡಬಿದಿರೆಯ ಸೂರ್ಯ ಇನ್ನೂ ಏರುತ್ತಲೇ ಇರುತ್ತಾನೆ. ಬೆಳ್ತಂಗಡಿ ಅಲ್ಲಿಂದ ಮೂಡಕ್ಕಿರುವುದರಿಂದ ಅಲ್ಲಿ ಒಂದು ನಿಮಿಷ ಮೊದಲು ನಡುಹಗಲಾಗುತ್ತದೆ, ಅಷ್ಟೆ. ಇದರ ಮೇಲೆ ಭೂಮಿಯ ಅಂಡಾಕಾರದ ಹಾದಿ, ಓರೆಯಾದ ಅಕ್ಷ ಎರಡೂ ಸೇರಿ ವರ್ಷವಿಡೀ ಸಣ್ಣ ಹಿಂದುಮುಂದು ಮಾಡುತ್ತವೆ. ನವೆಂಬರ್ ಮೊದಲ ವಾರ ನಡುಹಗಲು 12.14ಕ್ಕೇ ಬಂದರೆ, ಫೆಬ್ರವರಿ ಎರಡನೇ ವಾರ 12.44ರವರೆಗೆ ಕಾಯಬೇಕು. ಸರಾಸರಿ ಹನ್ನೆರಡೂವರೆ ಎಂದು ನೆನಪಿಟ್ಟರೆ ಸಾಕು. ಈ ಅರ್ಧ ಗಂಟೆ ಸಣ್ಣ ವಿಷಯ ಅಲ್ಲ. ಫೆಬ್ರವರಿಯಲ್ಲಿ ಗಡಿಯಾರದ ಹನ್ನೆರಡಕ್ಕೆ ಸೂರ್ಯ ಇರುವ ಕಡೆಯೇ ತೆಂಕು ಎಂದುಕೊಂಡರೆ 22 ಡಿಗ್ರಿಯಷ್ಟು ತಪ್ಪುತ್ತದೆ.

ಇನ್ನು ಮೂಡು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ‘ಉದಯರಾಗ’ವನ್ನು ಹಾಡದೆ ಕನ್ನಡ ಶಾಲೆ ದಾಟಿದವರು ಕಡಿಮೆ. ಆದರೆ ಆ ರವಿ ಮೂಡುವ ಜಾಗ ಒಂದೇ ಬಿಂದು ಅಲ್ಲ. ಅವನು ನೇರ ಮೂಡಿನಲ್ಲಿ ಕಾಣಿಸಿಕೊಳ್ಳುವುದು ಮಾರ್ಚ್ 20–21, ಸೆಪ್ಟೆಂಬರ್ 22–23ರ ಸುಮಾರಿಗೆ ಮಾತ್ರ. ಡಿಸೆಂಬರ್ ಕೊನೆಗೆ 24 ಡಿಗ್ರಿ ತೆಂಕಿಗೆ, ಜೂನ್ ಕೊನೆಗೆ 24 ಡಿಗ್ರಿ ಬಡಗಿಗೆ ಜಾರುತ್ತಾನೆ. ಒಟ್ಟು 48 ಡಿಗ್ರಿ ಅಗಲದ ಬಾಗಿಲು. ಬೆಳ್ತಂಗಡಿಯ ಮೂಡು ಭಾಗದವರಿಗೆ ಈ ಜಾರುವಿಕೆ ಬಹಳ ಚೆನ್ನಾಗಿ ಕಾಣಬೇಕು, ಏಕೆಂದರೆ ಎದುರಿಗೇ ಘಟ್ಟದ ಸಾಲಿದೆ. ಒಂದೇ ಅಂಗಳದ ಒಂದೇ ಮೂಲೆಯಲ್ಲಿ ನಿಂತು ಯಾವ ಕೋಡಿನ ಮೇಲೆ, ಯಾವ ಕಣಿವೆಯ ಸಂದಿನಲ್ಲಿ ಸೂರ್ಯ ಎದ್ದ ಎಂದು ಗುರುತಿಟ್ಟರೆ ಅದೇ ಒಂದು ಪಂಚಾಂಗ. ಹಾಗೆ ಗುರುತಿಟ್ಟವರಿಗೆ ಇನ್ನೊಂದು ಸಂಗತಿ ತಾನಾಗಿ ತಿಳಿಯುತ್ತದೆ. ಸೂರ್ಯ ಬಡಗು ಮುಖವಾಗಿ ಹಿಂದಿರುಗುವುದು ಡಿಸೆಂಬರ್ 21–22ಕ್ಕೆ. ನಾವು ಉತ್ತರಾಯಣ ಎಂದು ಆಚರಿಸುವ ಮಕರ ಸಂಕ್ರಮಣ ಬರುವುದು ಅದಾಗಿ ಮೂರು ವಾರಕ್ಕೂ ಹೆಚ್ಚು ದಿನ ಕಳೆದ ಮೇಲೆ. ನಕ್ಷತ್ರಗಳನ್ನು ಹಿಡಿದು ಎಣಿಸುವ ನಮ್ಮ ಸೌರಮಾನಕ್ಕೂ ಋತುವಿನ ಸೂರ್ಯನಿಗೂ ಶತಮಾನಗಳಲ್ಲಿ ಬಿದ್ದ ಅಂತರ ಅದು. ಕುದುರೆಮುಖದ ಶಿಖರದ ಮೇಲೆ ಸೂರ್ಯ ಹುಟ್ಟುವುದನ್ನು ಬೆಳ್ತಂಗಡಿ ಪೇಟೆಯಿಂದ ಯಾರೂ ನೋಡಲಾರರು. ಆ ಶಿಖರವೂ, 1794ರಲ್ಲಿ ಟಿಪ್ಪು ಜಮಲಾಬಾದ್ ಕೋಟೆ ಕಟ್ಟಿಸಿದ ಗಡಾಯಿಕಲ್ಲೂ ಪೇಟೆಗೆ ಬಡಗಿನಲ್ಲಿವೆ. ಮೋಡ ಕವಿದ ದಿನವೂ ಬುಡ ಕಾಣುವ ಗಡಾಯಿಕಲ್ಲು ಅಲ್ಲಿನವರ ದಿಕ್ಸೂಚಿ.

ನಡುಹಗಲಿನ ಸೂರ್ಯ ಇದಕ್ಕಿಂತ ದೊಡ್ಡ ಪಾಠ ಕಲಿಸುತ್ತಾನೆ. ಏಪ್ರಿಲ್ 24–25ರಂದು ಹನ್ನೆರಡೂವರೆಗೆ ಎರಡು ನಿಮಿಷ ಇರುವಾಗ ಅವನು ಮೂಡಬಿದಿರೆ, ಬಂಟ್ವಾಳ, ಬೆಳ್ತಂಗಡಿ ಮೂರೂ ಊರುಗಳ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಬಾವಿಯ ತಳದ ನೀರು ಹೊಳೆಯುತ್ತದೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಶೂನ್ಯ ನೆರಳಿನ ದಿನ ಎಂದು ಈಗ ಪತ್ರಿಕೆಗಳು ಬರೆಯುವುದು ಇದನ್ನೇ. ಮತ್ತೆ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಈ ಎರಡು ದಿನಗಳ ನಡುವೆ, ಹೆಚ್ಚುಕಡಿಮೆ ನಾಲ್ಕು ತಿಂಗಳು, ಸೂರ್ಯ ಆಕಾಶದ ತೆಂಕು ಅರ್ಧಕ್ಕೆ ಒಂದು ಕ್ಷಣವೂ ಕಾಲಿಡುವುದಿಲ್ಲ. ಮೂಡಿನ ಬಡಗಿನಲ್ಲಿ ಹುಟ್ಟಿ, ನೆತ್ತಿಯ ಬಡಗಿನಲ್ಲಿ ಹಾದು, ಪಡುವಿನ ಬಡಗಿನಲ್ಲಿ ಕಂತುತ್ತಾನೆ. ನಡುಹಗಲಿಗೆ ನೆರಳು ಬೀಳುವುದು ತೆಂಕಿಗೆ. ತುಳು ತಿಂಗಳುಗಳಲ್ಲಿ ಇದನ್ನು ನೆನಪಿಡುವುದು ಸುಲಭ. ತುಳುವರ ಹೊಸ ವರ್ಷವಾದ ಬಿಸುವಿನಿಂದ ಎಣಿಸಿ ಪಗ್ಗು ತಿಂಗಳ ಹತ್ತು–ಹನ್ನೊಂದರ ಹೊತ್ತಿಗೆ ಸೂರ್ಯ ನೆತ್ತಿ ದಾಟುತ್ತಾನೆ. ಬೇಶದ ಹತ್ತಕ್ಕೆ, ಅಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ದಿನ, ಅವನು ನೆತ್ತಿಯಿಂದ ಸುಮಾರು 8 ಡಿಗ್ರಿ ಬಡಗಿನಲ್ಲಿರುತ್ತಾನೆ. ಕಾರ್ತೆಲ್, ಆಟಿ ಕಳೆದು ಸೋಣ ತಿಂಗಳು ಹುಟ್ಟುತ್ತಿದ್ದಂತೆ ತೆಂಕಿಗೆ ಮರಳುತ್ತಾನೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೆರಳಿನ ಉದ್ದದಿಂದ ಹಗಲನ್ನು ಅಳೆಯುವ ಕ್ರಮವಿದೆ. ಆಷಾಢದಲ್ಲಿ ನಡುಹಗಲಿಗೆ ನೆರಳು ಇರುವುದಿಲ್ಲ ಎಂದು ಅಲ್ಲಿ ಹೇಳಿದೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಬಳಿ, ಉಜ್ಜಯಿನಿಯ ಸೀಮೆಯಲ್ಲಿ ನಿಂತವರಿಗೆ ಅದು ಸತ್ಯ. ನೇತ್ರಾವತಿಯ ದಡದಲ್ಲಿ ನಿಂತವರಿಗೆ ಸತ್ಯ ಅಲ್ಲ. ಪಾಟಲೀಪುತ್ರದ ಗ್ರಂಥವೂ ನಮ್ಮ ಅಂಗಳದ ಲೆಕ್ಕವನ್ನು ನಮಗಾಗಿ ಬರೆದಿಟ್ಟಿಲ್ಲ.

ಕೈಗಡಿಯಾರದಿಂದ ದಿಕ್ಕು ಹುಡುಕುವ ಉಪಾಯ ಸ್ಕೌಟ್ ಹುಡುಗರಿಗೆಲ್ಲ ಗೊತ್ತು. ಗಂಟೆಯ ಮುಳ್ಳನ್ನು ಸೂರ್ಯನ ಕಡೆ ಹಿಡಿಯಬೇಕು, ಆ ಮುಳ್ಳಿಗೂ 12ಕ್ಕೂ ನಡುವಿನ ಗೆರೆ ತೆಂಕನ್ನು ತೋರಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದದ್ದು ಮೂಡಬಿದಿರೆಯಲ್ಲೇ. ಆ ತಿಂಗಳು ಅರ್ಧ ಗಂಟೆಯ ವ್ಯತ್ಯಾಸ ಕಳೆದು ನೋಡಿದರೆ ಈ ಉಪಾಯ ಹತ್ತು–ಹನ್ನೆರಡು ಡಿಗ್ರಿಯ ತಪ್ಪಿನೊಳಗೆ ಕೆಲಸ ಮಾಡುತ್ತದೆ. ಅದನ್ನೇ ಮೇ ಮೂರನೇ ವಾರದ ಬೆಳಿಗ್ಗೆ ಮಾಡಿ ನೋಡಿ. ಸೂರ್ಯನ ಲೆಕ್ಕದ ಹತ್ತು ಗಂಟೆಗೆ ಅವನು ಮೂಡಿನಿಂದ 18 ಡಿಗ್ರಿ ಬಡಗಿನಲ್ಲಿರುತ್ತಾನೆ. ಗಡಿಯಾರದ ಉಪಾಯವೋ, ಅವನು ತೆಂಕಿನಿಂದ 30 ಡಿಗ್ರಿ ದೂರದಲ್ಲಿದ್ದಾನೆ ಎಂದು ನಂಬಿಕೊಂಡಿದೆ. ತಪ್ಪು 78 ಡಿಗ್ರಿ. ಮೂಡಬಿದಿರೆಯಿಂದ ತೆಂಕಿಗೆ, ಬಂಟ್ವಾಳದ ಕಡೆಗೆ ಹೊರಟವನನ್ನು ಅದು ವೇಣೂರಿನ ದಾರಿಗೆ ಹತ್ತಿಸುತ್ತದೆ. ಉಷ್ಣವಲಯದಲ್ಲಿ ಈ ಉಪಾಯ ನಡೆಯದು ಎಂದು ಕಲಿಸುವಾಗಲೇ ಹೇಳಬೇಕು. ಹೇಳದೆ ಕಲಿಸುವುದು ಮಗುವಿಗೆ ತಪ್ಪು ನಕ್ಷೆ ಕೊಟ್ಟು ಕಳಿಸುವುದಕ್ಕೆ ಸಮ.

ಸೂರ್ಯ ಎಲ್ಲಿ, ಯಾವಾಗ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಅತ್ಯಂತ ಗಂಭೀರವಾದ ಉತ್ತರ ಸಿಗುವುದು ಅಡಿಕೆ ತೋಟದಲ್ಲಿ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾಯಿತು. ಈಗ ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರೂ ಕರೆಯುವ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರ. ಅಡಿಕೆ ಸಸಿಗಳನ್ನು 2.7 ಮೀಟರ್, ಅಂದರೆ ಒಂಬತ್ತು ಅಡಿ ಅಂತರದಲ್ಲಿ ನೆಡಬೇಕು, ಸಾಲುಗಳನ್ನು ನೇರ ತೆಂಕು–ಬಡಗು ಇಡದೆ ನೈಋತ್ಯದ ಕಡೆಗೆ 35 ಡಿಗ್ರಿ ಓರೆ ಮಾಡಬೇಕು ಎಂಬುದು ಬೆಳೆಗಾರರಿಗೆ ಸಿಗುವ ಶಿಫಾರಸು. ಕಾರಣ ಬಿಸಿಲು. ಅಡಿಕೆ ಮರದ ಕಾಂಡದ ನೈಋತ್ಯ ಮೈಗೆ ಬಿಸಿಲು ನೇರ ಹೊಡೆದರೆ ಅಲ್ಲಿ ಮೊದಲು ಹೊಂಬಣ್ಣದ ಕಲೆ ಏಳುತ್ತದೆ, ಅದು ಕಂದಾಗಿ ಸೀಳುತ್ತದೆ, ಕೊನೆಗೆ ಜೋರು ಗಾಳಿಗೆ ಮರ ಆ ಜಾಗದಲ್ಲೇ ಮುರಿದು ಬೀಳುತ್ತದೆ. ಐದಾರು ವರ್ಷ ಸಾಕಿದ ಮರ ಹಾಗೆ ಬಿದ್ದಾಗಿನ ಸಂಕಟ ತೋಟ ಇರುವವರಿಗೇ ಗೊತ್ತು.

35 ಡಿಗ್ರಿಯೇ ಏಕೆ ಎಂದು ಸೂರ್ಯನನ್ನು ಕೇಳಿದರೆ ಉತ್ತರ ಸಿಗುತ್ತದೆ. ಡಿಸೆಂಬರ್ ನಡುವಿನಲ್ಲಿ ಗಡಿಯಾರದ ಎರಡು ಗಂಟೆ ಕಳೆದು ಹತ್ತು ನಿಮಿಷವಾಗುವಾಗ ಸೂರ್ಯ ತೆಂಕಿನಿಂದ ಪಡುವಿನ ಕಡೆಗೆ 35 ಡಿಗ್ರಿ ಸರಿದಿರುತ್ತಾನೆ. ಫೆಬ್ರವರಿ ಮೊದಲ ವಾರದಲ್ಲೂ ಎರಡು ಗಂಟೆಯ ಆಸುಪಾಸಿಗೆ ಹೆಚ್ಚುಕಡಿಮೆ ಅಲ್ಲೇ. ಮಧ್ಯಾಹ್ನದ ಸುಡುವ ಹೊತ್ತಿಗೆ ಸಾಲು ಸೂರ್ಯನಿಗೆ ನೇರವಾಗಿ ನಿಂತಿರುವುದರಿಂದ ಒಂದು ಮರದ ನೆರಳು ಹಿಂದಿನ ಮರದ ಕಾಂಡದ ಮೇಲೆ ಬೀಳುತ್ತದೆ. ಸಾಲಿನ ತುದಿಯಲ್ಲಿ, ತೋಟದ ತೆಂಕು–ಪಡು ಅಂಚಿನಲ್ಲಿರುವ ಮರಗಳಿಗೆ ಈ ಆಸರೆ ಇಲ್ಲ. ಆದ್ದರಿಂದ ಅಲ್ಲಿ ನೆರಳಿನ ಗಿಡ ಬೆಳೆಸುತ್ತಾರೆ, ಕಾಂಡಕ್ಕೆ ಸೋಗೆ ಕಟ್ಟುತ್ತಾರೆ ಅಥವಾ ಸುಣ್ಣ ಬಳಿಯುತ್ತಾರೆ. ಬಡಗಿನ ಸೂರ್ಯನ ಭಯ ಏಕಿಲ್ಲ? ಅವನು ಬಡಗಿನಲ್ಲಿರುವ ನಾಲ್ಕು ತಿಂಗಳಲ್ಲಿ ಬಹುಭಾಗವನ್ನು ಮಳೆಗಾಲದ ಮೋಡ ಮುಚ್ಚಿಕೊಂಡಿರುತ್ತದೆ. ಮೋಡವಿಲ್ಲದ ತಿಂಗಳುಗಳೇ ಅವನು ತೆಂಕಿನಲ್ಲಿರುವ ತಿಂಗಳುಗಳು. ಅಕ್ಷಾಂಶ, ಮುಂಗಾರು, ಬೆಳೆ ಮೂರೂ ಸೇರಿ ಒಂದು ಕೋನದಲ್ಲಿ ಕೂಡಿರುವುದನ್ನು ನಾನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಅಡಿಕೆ ಒಣಗಿಸುವ ಅಂಗಳಕ್ಕೂ ಇದೇ ಲೆಕ್ಕ. ಹಣ್ಣಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನದ ಬಿಸಿಲಾದರೂ ಬೇಕು. ಅಂಗಳದ ತೆಂಕು ಬದಿಯಲ್ಲಿ 40 ಅಡಿಯ ತೆಂಗಿನ ಮರ ಇದ್ದರೆ ಡಿಸೆಂಬರ್ ಕೊನೆಯ ನಡುಹಗಲಿಗೆ ಅದರ ನೆರಳು ಬಡಗಿಗೆ 30 ಅಡಿಯಷ್ಟು ಚಾಚುತ್ತದೆ. ಅದೇ ಮರ ಬಡಗು ಬದಿಯಲ್ಲಿದ್ದರೆ ಒಂದು ಅಡಿಕೆಗೂ ತೊಂದರೆ ಇಲ್ಲ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ನೆರಳು ನಮ್ಮ ಎತ್ತರದಷ್ಟೇ ಇದ್ದರೆ ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾನೆ ಎಂದರ್ಥ. ಅಳೆಯಲು ಏನೂ ಬೇಡ. ನೆರಳಿನ ತುದಿಗೆ ಗುರುತು ಹಾಕಿ, ಹಿಮ್ಮಡಿಗೆ ಬೆರಳು ತಾಗುವಂತೆ ಪಾದ ಜೋಡಿಸುತ್ತ ನಡೆದರೆ ಆರೂವರೆಯಿಂದ ಏಳು ಪಾದ ಬರುತ್ತದೆ, ಅದೇ ಆಳುದ್ದ. ಏಪ್ರಿಲ್ ಕೊನೆಯಲ್ಲಿ ಈ ಆಳುದ್ದದ ನೆರಳು ಸಿಗುವುದು ಬೆಳಿಗ್ಗೆ ಸುಮಾರು 9.25ಕ್ಕೆ, ಮಧ್ಯಾಹ್ನ ಸುಮಾರು 3.35ಕ್ಕೆ. ಅಲ್ಲಿಂದ ಆಗಸ್ಟ್‌ವರೆಗೆ ಇದು ಹೆಚ್ಚು ಬದಲಾಗುವುದಿಲ್ಲ. ಡಿಸೆಂಬರ್ ಕೊನೆಗೆ ಮಾತ್ರ 10.40ಕ್ಕೂ 2.15ಕ್ಕೂ ಹತ್ತಿರ ಬಂದುಬಿಡುತ್ತದೆ. ಆ ತಿಂಗಳ ನಡುಹಗಲಿನಲ್ಲೂ ನೆರಳು ಐದು ಪಾದದಷ್ಟು ಉಳಿದಿರುತ್ತದೆ. ತಿಂಗಳು ಗೊತ್ತಿಲ್ಲದೆ ನೆರಳನ್ನು ಓದಲಾಗದು ಎಂಬುದು ಇದರಿಂದ ತಿಳಿಯಬೇಕು.

ನೆರಳನ್ನು ಇಷ್ಟು ನಿಷ್ಠೆಯಿಂದ ಓದುವ ಪರಂಪರೆ ಬಂಟ್ವಾಳ, ಪಾಣೆಮಂಗಳೂರು, ಫರಂಗಿಪೇಟೆಯ ಮಸೀದಿಗಳಲ್ಲಿ ಜೀವಂತ ಇದೆ. ಸೂರ್ಯ ನಡುಹಗಲು ದಾಟಿ ವಾಲಿದ ಮೇಲೆ ಲುಹರ್ ನಮಾಜು. ವಸ್ತುವಿನ ನೆರಳು ಅದರ ನಡುಹಗಲಿನ ನೆರಳಿಗಿಂತ ಅದರದೇ ಎತ್ತರದಷ್ಟು ಹೆಚ್ಚಾದಾಗ ಅಸರ್, ಬ್ಯಾರಿಗಳಲ್ಲಿ ಹೆಚ್ಚಿನವರು ಪಾಲಿಸುವ ಶಾಫಿ ಪಂಥದ ಪ್ರಕಾರ. ಸೂರ್ಯ ಮುಳುಗಿದಾಗ ಮಗ್ರಿಬ್. ಸಮಯಪಟ್ಟಿ ಈಗ ಗೋಡೆಯ ಮೇಲೆ ಅಚ್ಚಾಗಿ ನೇತಾಡುತ್ತಿರಬಹುದು, ಆದರೆ ಪ್ರತಿ ಅಂಕಿಯ ಹಿಂದೆ ಒಂದು ನೆರಳಿದೆ. ದಿಕ್ಕಿಗೂ ಇಲ್ಲೊಂದು ಸೊಗಸಾದ ಅವಕಾಶ ಇದೆ. ಇಲ್ಲಿಂದ ಮಕ್ಕಾ ನೇರ ಪಡುವಿನಲ್ಲಿಲ್ಲ, ಪಡುವಿನಿಂದ 19 ಡಿಗ್ರಿ ಬಡಗಿನಲ್ಲಿದೆ. ಮೇ 27–28ರಂದು ನಮ್ಮ ಗಡಿಯಾರದ 2.48ಕ್ಕೆ, ಜುಲೈ 15–16ರಂದು 2.57ಕ್ಕೆ ಸೂರ್ಯ ಮಕ್ಕಾದ ನೆತ್ತಿಯ ಮೇಲಿರುತ್ತಾನೆ. ಆ ಕ್ಷಣ ಬಂಟ್ವಾಳದಲ್ಲಿ ಸೂರ್ಯನ ಕಡೆ ಮುಖ ಮಾಡಿದರೆ ಅದೇ ಕಿಬ್ಲಾ, ನಮಾಜಿನ ದಿಕ್ಕು. ಎರಡರಲ್ಲಿ ಮೋಡ ಬಿಟ್ಟುಕೊಡುವ ಸಾಧ್ಯತೆ ಇರುವುದು ಮೇ ತಿಂಗಳಿನದಕ್ಕೇ.

ಮೂಡಬಿದಿರೆಯ ಜೈನ ಮನೆಗಳಲ್ಲಿ ಸಂಜೆಯ ಊಟ ಹೊತ್ತು ಮುಳುಗುವ ಮೊದಲು ಮುಗಿಯಬೇಕು. ಹಾಗಾಗಿ ಅಡುಗೆಮನೆಯೇ ಸೂರ್ಯನ ಜೊತೆ ಹಿಂದೆ ಮುಂದೆ ಸರಿಯುತ್ತದೆ. ವರ್ಷದಲ್ಲಿ ಅತಿ ಬೇಗ ಹೊತ್ತು ಮುಳುಗುವುದು ಡಿಸೆಂಬರ್‌ನಲ್ಲಿ ಎಂದು ಹಲವರು ತಿಳಿದಿದ್ದಾರೆ. ಇಲ್ಲಿ ಅದು ನವೆಂಬರ್ ಮೂರನೇ ವಾರ, ಆರು ಗಂಟೆಗೆ. ಅತಿ ತಡವಾಗುವುದು ಜುಲೈ ಮೊದಲಲ್ಲಿ, ಏಳರ ಆಸುಪಾಸು. ಹಾಗೆಯೇ ಅತಿ ತಡವಾದ ಸೂರ್ಯೋದಯ ಜನವರಿ ಕೊನೆಯಲ್ಲಿ, 6.57ಕ್ಕೆ. ಇಡೀ ವರ್ಷದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಬೆರಳಿನ ಸೂತ್ರವನ್ನೂ ಇಲ್ಲಿ ತಿದ್ದಿಕೊಳ್ಳಬೇಕು. ಬಡಗಿನ ದೇಶಗಳಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ, ನಾಲ್ಕು ಬೆರಳಿಗೆ ಒಂದು ಗಂಟೆ ಹಿಡಿಯುತ್ತಾನೆ. ನಮ್ಮಲ್ಲಿ ಅವನು ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಚಾಚಿದ ಕೈಯ ನಾಲ್ಕು ಬೆರಳಿಗೆ ಅರ್ಧ ಗಂಟೆ, ಅದರ ಮೇಲೆ ಐದು ನಿಮಿಷ ಸಿಕ್ಕಿದರೆ ಹೆಚ್ಚು. ಚಾರ್ಮಾಡಿಯಲ್ಲೋ ದಿಡುಪೆಯಲ್ಲೋ ಕಾಡಿನ ದಾರಿಯಲ್ಲಿರುವವರು ಒಂದು ಗಂಟೆ ಉಳಿದಿದೆ ಎಂದುಕೊಂಡರೆ ಕತ್ತಲೆಯಲ್ಲಿ ಸಿಕ್ಕಿಬೀಳುತ್ತಾರೆ. ನಮ್ಮ ಮುಸ್ಸಂಜೆಯೂ ಗಿಡ್ಡ.

ಮಳೆಗಾಲದ ಆಟಿ ತಿಂಗಳಲ್ಲಿ ಸೂರ್ಯನೇ ಕಾಣದಿದ್ದರೆ? ಆಗ ಹಿತ್ತಿಲನ್ನು ನೋಡಬೇಕು. ಹೀರೆಯ ಹಳದಿ ಹೂ ಅರಳುವುದು ಇಳಿಹೊತ್ತಿಗೆ. ಸಂಜೆಮಲ್ಲಿಗೆಯೂ ಹಾಗೆ. ನಾಚಿಕೆಮುಳ್ಳಿನ ಎಲೆ ತಾನಾಗಿ ಮಡಚಿಕೊಂಡರೆ ಮುಸ್ಸಂಜೆ. ದಿಕ್ಕಿಗಾದರೆ ಮಳೆ ಬಡಿಯುವ ಬದಿ ಪಡು ಎಂದು ಹಳೆಯ ಮನೆಗಳು ಹೇಳುತ್ತವೆ. ಮಡಲಿನ ತಟ್ಟಿ ಕಟ್ಟಿದ ಜಗಲಿ ಯಾವ ಕಡೆ ಇದೆ ಎಂದು ನೋಡಿದರಾಯಿತು.

ವರ್ಷದ ಯಾವ ದಿನಕ್ಕೂ ತಪ್ಪದ ಉಪಾಯ ಒಂದಿದೆ, ಅದು ನಮ್ಮ ಶಿಲ್ಪಿಗಳ ಶಂಕು. ಸಮತಟ್ಟಾದ ಅಂಗಳದಲ್ಲಿ ಅಡಿಕೆ ಸಲಾಕೆಯೊಂದನ್ನು ನೆಟ್ಟಗೆ ಊರಿ, ಬುಡವನ್ನು ಕೇಂದ್ರ ಮಾಡಿ ಹಗ್ಗದಿಂದ ವೃತ್ತ ಎಳೆಯಬೇಕು. ಬೆಳಿಗ್ಗೆ ಗಿಡ್ಡವಾಗುತ್ತ ಬರುವ ನೆರಳಿನ ತುದಿ ವೃತ್ತವನ್ನು ಮುಟ್ಟುವಲ್ಲಿ ಒಂದು ಚುಕ್ಕಿ, ಮಧ್ಯಾಹ್ನ ಉದ್ದವಾಗುತ್ತ ಹೋಗುವ ನೆರಳು ಮತ್ತೆ ಮುಟ್ಟುವಲ್ಲಿ ಇನ್ನೊಂದು. ಮೊದಲ ಚುಕ್ಕಿ ಪಡು, ಎರಡನೆಯದು ಮೂಡು. ಸೂರ್ಯ ತೆಂಕಿನಲ್ಲಿರಲಿ ಬಡಗಿನಲ್ಲಿರಲಿ, ನೆರಳಿನ ತುದಿ ಸಾಗುವುದು ಯಾವಾಗಲೂ ಪಡುವಿನಿಂದ ಮೂಡಿಗೆ. ಶುಲ್ಬಸೂತ್ರಗಳ ಕಾಲದಿಂದ ಯಜ್ಞವೇದಿಗೆ, ದೇವಸ್ಥಾನಕ್ಕೆ ದಿಕ್ಕು ಕಂಡದ್ದು ಹೀಗೆ. ಅಕ್ಷಾಂಶ, ಗಡಿಯಾರ, ತಿಂಗಳು ಯಾವುದೂ ಗೊತ್ತಿರಬೇಕಾಗಿಲ್ಲ. ಅಷ್ಟು ಹೊತ್ತು ಕಾಯಲಾಗದವರು ನೆರಳಿನ ತುದಿಗೆ ಒಂದು ಕಲ್ಲಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ಕಲ್ಲಿಟ್ಟರೂ ಕಾಡಿನಲ್ಲಿ ದಾರಿ ಹಿಡಿಯುವಷ್ಟು ದಿಕ್ಕು ಸಿಗುತ್ತದೆ.

ಈ ಮೂರು ತಾಲ್ಲೂಕುಗಳ ಪ್ರತಿ ಶಾಲೆಯ ಅಂಗಳದಲ್ಲೂ ಒಂದು ಶಂಕು ಆಗಲೇ ನಿಂತಿದೆ, ಅದು ಧ್ವಜಸ್ತಂಭ. ಜನವರಿ 26ರಂದು ಧ್ವಜಾರೋಹಣ ಮುಗಿದ ಮೇಲೂ ಮಕ್ಕಳನ್ನು ಸ್ವಲ್ಪ ಹೊತ್ತು ಉಳಿಸಿಕೊಳ್ಳಿ. 12.42ಕ್ಕೆ 20 ಅಡಿ ಕಂಬದ ನೆರಳು ಬಡಗಿಗೆ ಹನ್ನೆರಡೂವರೆ ಅಡಿಯ ಆಸುಪಾಸು ಬಿದ್ದಿರುತ್ತದೆ, ಅದರ ತುದಿಗೆ ಬಣ್ಣದಿಂದ ಗುರುತು ಹಾಕಿ. ಆಗಸ್ಟ್ 15ರಂದು ಮೋಡ ಸರಿದರೆ 12.34ಕ್ಕೆ ಮತ್ತೆ ನೋಡಿ. ಅದೇ ಕಂಬದ ನೆರಳು ನಾಲ್ಕೈದು ಇಂಚಿಗೆ ಕುಗ್ಗಿರುತ್ತದೆ, ಬಿದ್ದಿರುವುದು ತೆಂಕಿಗೆ. ಏಕೆ ಹೀಗೆ ಎಂದು ಆಗ ಮಕ್ಕಳೇ ಕೇಳುತ್ತಾರೆ.